ಕೆಂಪೆಲೆಯ ಮರ ಉಳಿದದ್ದು ಕಸಿಯಿಂದ

ಬಾದಾಮಿ ಮಾವಿನ ಓಟೆ ನೆಟ್ಟರೆ ಅದೇ ರುಚಿಯ ಹಣ್ಣು ಬಿಡುತ್ತದೆಂಬ ಭರವಸೆಯಿಲ್ಲ. ಕಸಿಯೇ ಆಗಬೇಕು. ಇದು ನಮಗೆಲ್ಲ ಗೊತ್ತು. ಜಪಾನಿನ ಮೇಪಲ್ ಮರದ ಕತೆಯೂ ಇದೇ.

ಎಲೆ ಉದುರುವ ಮುನ್ನ ಕೆಂಪು, ಕಿತ್ತಳೆ, ಹಳದಿಗೆ ತಿರುಗುವ ಮರವಿದು. ಎಲೆ ಬೆರಳು ಬಿಡಿಸಿದ ಅಂಗೈಯಂತೆ. ಜಪಾನೀಯರು ಇದನ್ನು 'ಕಾಯೆದೆ' ಎನ್ನುತ್ತಾರೆ. ಕಪ್ಪೆಯ ಕೈ ಎಂಬ ಮಾತಿನಿಂದ ಬಂದ ಹೆಸರದು.

ಇದರ ಬೀಜ ಬಿತ್ತಿದರೆ ಸಸಿಗೊಂದು ಬಣ್ಣ, ಸಸಿಗೊಂದು ಆಕಾರ. ಎಡೋ ಕಾಲದ (1603–1868) ತೋಟಗಾರರು ಅದರಲ್ಲಿ ಚೆಂದದ್ದನ್ನು ಆರಿಸಿ, ಕಸಿ ಕಟ್ಟಿ, ಹೆಸರಿಟ್ಟರು. ಇಂದಿನ ಟೋಕಿಯೊದಲ್ಲಿ ನರ್ಸರಿ ನಡೆಸುತ್ತಿದ್ದ ಇತೊ ಇಹೇ 1710ರ ತಮ್ಮ ಪುಸ್ತಕದಲ್ಲಿ ಅಂಥ ತಳಿಗಳ ಪಟ್ಟಿಯನ್ನೇ ಕೊಟ್ಟರು. 1775ರಲ್ಲಿ ಜಪಾನಿಗೆ ಬಂದ ಸ್ವೀಡನ್ನಿನ ಥುನ್‌ಬರ್ಗ್ ಮರಕ್ಕೆ 'ಏಸರ್ ಪಾಮೇಟಮ್' ಎಂದು ಹೆಸರಿಟ್ಟರು. ಅದರಲ್ಲೂ ಅಂಗೈಯೇ ಇದೆ.

ಎರಡನೇ ಮಹಾಯುದ್ಧದಲ್ಲಿ ಅನ್ನಕ್ಕೇ ತತ್ವಾರ. ಚೆಂದದ ಗಿಡ ನೋಡಿಕೊಳ್ಳುವವರಿಲ್ಲದೆ ಎಷ್ಟೋ ತಳಿಗಳು ಅಳಿದವು. ಹೆಸರು ಪುಸ್ತಕದಲ್ಲಿ ಉಳಿಯಿತು, ಮರ ಉಳಿಯಲಿಲ್ಲ. ಒಂದು ತಲೆಮಾರು ಕಸಿ ಕಟ್ಟುವುದನ್ನು ಬಿಟ್ಟರೆ ತಳಿ ಅಲ್ಲಿಗೇ ಮುಗಿಯಿತು.

ನಮ್ಮ ಹಿತ್ತಲಲ್ಲೂ ಅಜ್ಜ ನೆಟ್ಟ ಒಂದೇ ಒಂದು ಮಾವೋ ಹಲಸೋ ಇರಬಹುದು. ಅದು ಒಣಗುವ ಮೊದಲೇ ಒಂದು ಕಡ್ಡಿ ತಂದು ಕಸಿ ಕಟ್ಟೋಣ.