ಸಿ ಭಾಷೆಯಲ್ಲಿ ಸ್ಟ್ರಿಂಗ್ ಸಂಗ್ರಹಗಳು

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಟ್ರಿಂಗ್ ಎಂಬ ಸ್ವತಂತ್ರ ಡೇಟಾ ಟೈಪ್ ಇಲ್ಲ. ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂತ ಬೈಟ್‌ಗಳು, ಕೊನೆಯಲ್ಲೊಂದು ಸೊನ್ನೆ ಬೈಟ್. ಇಷ್ಟನ್ನೇ ಸ್ಟ್ರಿಂಗ್ ಎಂದು ಒಪ್ಪಿಕೊಂಡು ಐದು ದಶಕಗಳಿಂದ ಕೆಲಸ ಸಾಗಿದೆ. ಒಂಟಿ ಸ್ಟ್ರಿಂಗಿನ ಪಾಡೇ ಹೀಗಿರುವಾಗ, ನೂರು ಹೆಸರುಗಳನ್ನೋ ಲಕ್ಷ ಪದಗಳನ್ನೋ ಒಟ್ಟಿಗೆ ಇಟ್ಟುಕೊಳ್ಳಲು ಸಿದ್ಧ ವ್ಯವಸ್ಥೆ ಸಿಗುವುದಿಲ್ಲ. ಪೈಥಾನ್‌ನ ಲಿಸ್ಟ್, ಜಾವಾದ ಅರೇಲಿಸ್ಟ್ ತೆರೆಮರೆಯಲ್ಲಿ ಮಾಡುವುದನ್ನೆಲ್ಲ ಸಿ ಪ್ರೋಗ್ರಾಮರ್ ಕೈಯಾರೆ ಮಾಡಬೇಕು. ಅದಕ್ಕೆ ಹಾದಿಗಳು ಹಲವು. ಯಾವ ಹಾದಿ ಹಿಡಿದರೂ ಎರಡು ಪ್ರಶ್ನೆಗಳು ತಪ್ಪುವುದಿಲ್ಲ: ಅಕ್ಷರಗಳು ನಿಜವಾಗಿ ಎಲ್ಲಿವೆ, ಆ ಜಾಗವನ್ನು ಕೊನೆಗೆ ಬಿಟ್ಟುಕೊಡುವ ಹೊಣೆ ಯಾರದು.

ಸೊನ್ನೆ ಬೈಟ್ ಆಕಸ್ಮಿಕವಾಗಿ ಬಂದದ್ದಲ್ಲ. ಸಿ ಭಾಷೆಯ ಅಜ್ಜಿ ಎನ್ನಬಹುದಾದ ಬಿಸಿಪಿಎಲ್‌ನಲ್ಲಿ ಸ್ಟ್ರಿಂಗಿನ ಉದ್ದವನ್ನು ಮೊದಲಿಗೇ ಬರೆದಿಡುವ ಪದ್ಧತಿಯಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ಬಿ ಭಾಷೆ ಉದ್ದವನ್ನು ಕೈಬಿಟ್ಟು, ಕೊನೆಯಲ್ಲೊಂದು ವಿಶೇಷ ಗುರುತು ಇಡುವ ಕ್ರಮ ತಂದಿತು. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಕಟ್ಟಿದ ಸಿ ಭಾಷೆ ಅದನ್ನೇ ಮುಂದುವರಿಸಿತು. ಗುರುತು ಮಾತ್ರ ಸೊನ್ನೆಯಾಯಿತು. ಉದ್ದವನ್ನು 8 ಅಥವಾ 9 ಬಿಟ್‌ಗಳ ಖಾನೆಯಲ್ಲಿ ಇಟ್ಟರೆ ಸ್ಟ್ರಿಂಗ್ ಅದಕ್ಕಿಂತ ಹೆಚ್ಚು ಬೆಳೆಯಲಾರದು, ಲೆಕ್ಕ ಇಡುವುದಕ್ಕಿಂತ ಕೊನೆಯ ಗುರುತೇ ಅನುಕೂಲ ಎಂದು ಅನುಭವಕ್ಕೆ ಬಂತು ಎಂಬ ಎರಡು ಕಾರಣಗಳನ್ನು ರಿಚಿ 1993ರಲ್ಲಿ ಬರೆದ ಭಾಷೆಯ ಇತಿಹಾಸದಲ್ಲಿ ಕೊಟ್ಟಿದ್ದಾರೆ. ಆ ಅನುಕೂಲಕ್ಕೆ ತೆತ್ತ ಬೆಲೆ ದೊಡ್ಡದು. ಉದ್ದ ತಿಳಿಯಬೇಕಾದಾಗಲೆಲ್ಲ ಸ್ಟ್ರ್‌ಲೆನ್ ಫಂಕ್ಷನ್ ಮೊದಲಿಂದ ಕೊನೆಯವರೆಗೆ ನಡೆದು ಎಣಿಸಬೇಕು.

ಸಂಗ್ರಹದ ಅತಿ ಸರಳ ರೂಪ ಎರಡು ಆಯಾಮದ ಚಾರ್ ಅರೇ: ಇಂತಿಷ್ಟು ಸಾಲು, ಪ್ರತಿ ಸಾಲಿಗೆ ಇಂತಿಷ್ಟು ಬೈಟ್. ಕರ್ನಾಟಕದ 31 ಜಿಲ್ಲೆಗಳ ಹೆಸರನ್ನು ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಹಿಡಿಯುವ ಯುಟಿಎಫ್-8ರಲ್ಲಿ ಹೀಗೆ ಇಡುವುದಾದರೆ ಸಾಲಿನ ಅಗಲವನ್ನು ಅತಿ ಉದ್ದದ ಹೆಸರೇ ನಿರ್ಧರಿಸುತ್ತದೆ. ‘ಬೆಂಗಳೂರು ಗ್ರಾಮಾಂತರ’ಕ್ಕೆ 52 ಬೈಟ್ ಬೇಕು, ಸೊನ್ನೆ ಸೇರಿ 53. ‘ಗದಗ’ಕ್ಕೆ ಸೊನ್ನೆ ಸೇರಿ 10 ಸಾಕು, ಅದರ ಸಾಲಿನ ಉಳಿದ 43 ಬೈಟ್ ಖಾಲಿ. ಒಟ್ಟು 1,643 ಬೈಟ್, ಇಂದಿನ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ. ಎಲ್ಲವೂ ಒಂದೇ ತುಂಡಾಗಿರುವುದರಿಂದ ಪ್ರತಿ ಹೆಸರಿಗೂ ಬೇರೆ ಬೇರೆಯಾಗಿ ಜಾಗ ಕೇಳುವ, ಬಿಡುವ ಕೆಲಸವೂ ಇಲ್ಲ. ಪಟ್ಟಿ ಚಿಕ್ಕದಿದ್ದು ಉದ್ದದ ಮಿತಿ ಮೊದಲೇ ಗೊತ್ತಿದ್ದರೆ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಬೇರೊಂದಿಲ್ಲ. ಪಠ್ಯಪುಸ್ತಕಗಳು ಇದನ್ನು ಆರಂಭಿಕರ ವಿಧಾನವೆಂದು ಬೇಗ ದಾಟಿಹೋಗುವುದು ಅನ್ಯಾಯವೇ ಸರಿ.

ಅಪಾಯ ಬರುವುದು ಮಿತಿ ಮೀರಿದಾಗ. ಸಾಲಿಗೆ 20 ಬೈಟ್ ಮಾತ್ರ ಇದ್ದು ಅದರಲ್ಲಿ ‘ಬೆಂಗಳೂರು’ ಬರೆಯಹೋದರೆ, 24 ಬೈಟ್‌ನ ಆ ಹೆಸರು ಪಕ್ಕದ ಸಾಲಿಗೆ ನುಗ್ಗುತ್ತದೆ. 19 ಬೈಟ್‌ಗೆ ಕತ್ತರಿಸಿದರೆ ‘ಬೆಂಗಳೂ’ ಉಳಿದು, ‘ರ’ ಅಕ್ಷರದ ಮೂರರಲ್ಲಿ ಒಂದೇ ಬೈಟ್ ಬಾಲದಂತೆ ಅಂಟಿಕೊಳ್ಳುತ್ತದೆ; ತೆರೆಯ ಮೇಲೆ ಅದು ಅರ್ಥವಿಲ್ಲದ ಚಿಹ್ನೆ. ಕತ್ತರಿಸಿ ನಕಲಿಸಲು ಹಲವರು ಬಳಸುವ ಸ್ಟ್ರ್‌ಎನ್‌ಸಿಪಿವೈ ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಹಳೆಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಪ್ರತಿ ನಮೂದು 16 ಬೈಟ್: ಎರಡು ಬೈಟ್ ಫೈಲಿನ ಸಂಖ್ಯೆಗೆ, 14 ಅದರ ಹೆಸರಿಗೆ. ಹೆಸರು ಚಿಕ್ಕದಾದರೆ ಉಳಿದದ್ದೆಲ್ಲ ಸೊನ್ನೆ, ಸರಿಯಾಗಿ 14 ಇದ್ದರೆ ಸೊನ್ನೆಯೇ ಇಲ್ಲ. ಆ ಖಾನೆಗಳನ್ನು ತುಂಬಲು ಒಗ್ಗುವಂತೆ ವರ್ತಿಸುವ ಫಂಕ್ಷನ್ ಸಾಮಾನ್ಯ ಸ್ಟ್ರಿಂಗ್‌ಗಳ ಮೇಲೆ ಪ್ರಯೋಗವಾದಾಗ ಕೊನೆಯ ಸೊನ್ನೆ ಮಾಯವಾಗಿ, ಓದುವವರು ಪಕ್ಕದ ಸಾಲನ್ನೂ ಸೇರಿಸಿ ಓದುತ್ತಾರೆ. ಇದಕ್ಕೆ ಪರಿಹಾರವಾಗಿ ಟಾಡ್ ಮಿಲ್ಲರ್ ಮತ್ತು ಥಿಯೋ ಡಿ ರಾಟ್ 1998ರಲ್ಲಿ ಓಪನ್‌ಬಿಎಸ್‌ಡಿಗೆ ಸ್ಟ್ರ್‌ಎಲ್‌ಸಿಪಿವೈ ಸೇರಿಸಿದರು. ಲಿನಕ್ಸ್ ಜಗತ್ತಿನ ಮುಖ್ಯ ಲೈಬ್ರರಿಯಾದ ಜಿಲಿಬ್‌ಸಿ ಅದನ್ನು ವರ್ಷಗಟ್ಟಲೆ ತಳ್ಳಿಹಾಕುತ್ತಾ ಬಂದು, 2023ರಲ್ಲಿ ಒಳಗೆ ಬಿಟ್ಟುಕೊಂಡಿತು.

ಇನ್‌ಪುಟ್ ಓದುವಾಗ ಬಫರಿನ ಗಾತ್ರವನ್ನೇ ಕೇಳದ ಗೆಟ್ಸ್ ಫಂಕ್ಷನ್ನಿನದು ಇನ್ನೂ ದೊಡ್ಡ ಕಥೆ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ ಬಳಸಿದ ದಾರಿಗಳಲ್ಲೊಂದು, ಫಿಂಗರ್ ಸರ್ವರ್ ಗೆಟ್ಸ್ ಮೂಲಕ ತುಂಬಿಸುತ್ತಿದ್ದ 512 ಬೈಟ್‌ನ ಬಫರ್. ಭಾಷೆಯ ಮಾನದಂಡದಿಂದ ಗೆಟ್ಸ್ ಹೊರಬಿದ್ದದ್ದು ಮಾತ್ರ 2011ರಲ್ಲಿ.

ಎರಡನೆಯ ರೂಪ ಪಾಯಿಂಟರ್‌ಗಳ ಅರೇ. ಇಲ್ಲಿ ಅರೇಯೊಳಗೆ ಅಕ್ಷರಗಳಿರುವುದಿಲ್ಲ, ಅವು ಇರುವ ಜಾಗದ ವಿಳಾಸ ಮಾತ್ರ ಇರುತ್ತದೆ. 64 ಬಿಟ್ ಯಂತ್ರದಲ್ಲಿ ಪ್ರತಿ ವಿಳಾಸ 8 ಬೈಟ್; ಸ್ಟ್ರಿಂಗ್‌ಗಳು ತಮಗೆ ಬೇಕಾದಷ್ಟೇ ಉದ್ದ. ಬ್ರಯನ್ ಕರ್ನಿಹನ್ ಮತ್ತು ರಿಚಿ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಪುಸ್ತಕ ತಿಂಗಳುಗಳ ಹೆಸರನ್ನು ಇದೇ ರೀತಿ ಜೋಡಿಸಿ, ಸೊನ್ನೆಯನೆಯ ಸ್ಥಾನದಲ್ಲಿ ‘ಇಂಥ ತಿಂಗಳಿಲ್ಲ’ ಎಂಬರ್ಥದ ಸ್ಟ್ರಿಂಗನ್ನು ಕೂರಿಸಿದೆ. ಸಾಲುಗಳನ್ನು ವಿಂಗಡಿಸುವ ಅದರ ಪ್ರೋಗ್ರಾಂನಲ್ಲಿ ಅಕ್ಷರಗಳು ಇದ್ದಲ್ಲೇ ಇರುತ್ತವೆ, ಅದಲುಬದಲಾಗುವುದು ವಿಳಾಸಗಳು ಮಾತ್ರ. ಉದ್ದುದ್ದ ಸಾಲುಗಳನ್ನು ಎತ್ತಿ ಇಡುವ ಶ್ರಮ ಹೀಗೆ ಉಳಿಯುತ್ತದೆ.

ಸಿ ಕಲಿಯುವ ಅನೇಕರು ಆರಂಭದಲ್ಲೇ ಇಂಥದ್ದೊಂದು ಸಂಗ್ರಹವನ್ನು ಮುಟ್ಟಿರುತ್ತಾರೆ, ಗೊತ್ತಿರುವುದಿಲ್ಲ ಅಷ್ಟೇ. ಮೇನ್ ಫಂಕ್ಷನ್ನಿಗೆ ಬರುವ ಆರ್ಗ್‌ವಿ ಎಂಬುದು ಕಮಾಂಡ್ ಸಾಲಿನ ಪದಗಳ ಪಾಯಿಂಟರ್ ಅರೇ. ಎಷ್ಟಿವೆ ಎಂಬುದನ್ನು ಆರ್ಗ್‌ಸಿ ಹೇಳುತ್ತದೆ. ಜೊತೆಗೆ ಕೊನೆಯ ಪದದ ನಂತರ ನಲ್ ಪಾಯಿಂಟರ್ ಇರಲೇಬೇಕೆಂದು ಮಾನದಂಡ ವಿಧಿಸುತ್ತದೆ. ಎಣಿಕೆ ಇಡುವುದು, ಕೊನೆಗೆ ಗುರುತು ಇಡುವುದು ಎರಡೂ ಇಲ್ಲಿವೆ. ಯಾವುದೋ ಒಂದನ್ನು ಆರಿಸಿಕೊಳ್ಳಬೇಕಾದವರು ಎಣಿಕೆಯ ಕಡೆ ವಾಲುವುದು ಒಳ್ಳೆಯದು. ಗುರುತು ಬರೆಯಲು ಮರೆತರೆ ಲೂಪ್ ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ಪಾಯಿಂಟರ್ ಅರೇಯ ಸೊಗಸು ಎಷ್ಟೋ ಅಪಾಯವೂ ಅಷ್ಟೇ. ಒಂದೇ ಅರೇಯ ಮೂರು ಪಾಯಿಂಟರ್‌ಗಳು ಮೂರು ಬೇರೆ ಕಡೆ ನೋಡುತ್ತಿರಬಹುದು: ಒಂದು, ಕೋಡ್‌ನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದ ಸ್ಟ್ರಿಂಗಿನ ಕಡೆ, ಇನ್ನೊಂದು, ಫಂಕ್ಷನ್ ಮುಗಿದೊಡನೆ ಇಲ್ಲವಾಗುವ ಸ್ಟ್ಯಾಕ್ ಬಫರಿನ ಕಡೆ, ಮತ್ತೊಂದು, ಮ್ಯಾಲಕ್‌ನಿಂದ ಪಡೆದ ಮೆಮೊರಿಯ ಕಡೆ. ಮೊದಲನೆಯದನ್ನು ತಿದ್ದುವಂತಿಲ್ಲ, ಎರಡನೆಯದನ್ನು ಹಿಂದಿರುಗಿಸುವಂತಿಲ್ಲ, ಮೂರನೆಯದನ್ನು ಫ್ರೀ ಮಾಡದೆ ಬಿಡುವಂತಿಲ್ಲ. ಟೈಪ್ ನೋಡಿದರೆ ಮೂರೂ ಒಂದೇ. ಕಂಪೈಲರ್ ಬಹುಪಾಲು ಸುಮ್ಮನಿರುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬುದೇ ಭಾಷೆಯ ಧೋರಣೆ.

ಇದರಿಂದ ಹುಟ್ಟುವ ಅತ್ಯಂತ ಸಾಮಾನ್ಯ ತಪ್ಪನ್ನು ಯಾವುದೇ ಕಾಲೇಜಿನ ಲ್ಯಾಬ್‌ನಲ್ಲಿ ನೋಡಬಹುದು. ಒಂದು ಬಫರ್ ಇಟ್ಟುಕೊಂಡು ಎಫ್‌ಗೆಟ್ಸ್‌ನಿಂದ ಫೈಲಿನ ಸಾಲುಗಳನ್ನು ಒಂದೊಂದಾಗಿ ಓದಿ, ಪ್ರತಿ ಸಲವೂ ಬಫರಿನ ವಿಳಾಸವನ್ನು ಅರೇಗೆ ಸೇರಿಸುತ್ತಾರೆ. ಮುದ್ರಿಸಿದಾಗ ಎಲ್ಲ ನಮೂದುಗಳಲ್ಲೂ ಫೈಲಿನ ಕೊನೆಯ ಸಾಲೇ ಕಾಣುತ್ತದೆ. ನೂರು ವಿಳಾಸಗಳಿವೆ, ನಿಜ. ಎಲ್ಲವೂ ಒಂದೇ ಮನೆಯವು. ಪ್ರತಿ ಸಾಲಿಗೂ ಹೊಸ ಜಾಗ ಪಡೆದು ನಕಲು ಮಾಡಿಕೊಳ್ಳುವುದೇ ದಾರಿ. ಆ ಎರಡು ಹೆಜ್ಜೆಗಳನ್ನು ಒಂದಾಗಿಸುವ ಸ್ಟ್ರ್‌ಡಪ್ ಯುನಿಕ್ಸ್ ವ್ಯವಸ್ಥೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದರೂ ಸಿ ಮಾನದಂಡದೊಳಗೆ ಬಂದದ್ದು ಸಿ23 ಆವೃತ್ತಿಯಲ್ಲಿ. ಸಾಲನ್ನು ಅಲ್ಪವಿರಾಮಗಳಲ್ಲಿ ಒಡೆಯುವ ಸ್ಟ್ರ್‌ಟಾಕ್ ಕೂಡ ಇಂಥದ್ದೇ ಬಲೆ. ಅದು ಕೊಡುವ ತುಂಡುಗಳು ಹೊಸ ಸ್ಟ್ರಿಂಗ್‌ಗಳಲ್ಲ, ಮೂಲ ಸಾಲಿನ ಒಳಗಿನ ಜಾಗಗಳು. ಮೂಲವನ್ನು ಫ್ರೀ ಮಾಡಿದರೆ ತುಂಡುಗಳೆಲ್ಲ ಅನಾಥ.

ಹೊಣೆಯ ಈ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿದ ಒಂದು ಒಳ್ಳೆಯ ಉದಾಹರಣೆ ಗಿಟ್‌ನ ಮೂಲ ಕೋಡ್‌ನಲ್ಲಿದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಸಾಫ್ಟ್‌ವೇರ್‌ನ ಬಹುಪಾಲು ಸಿ ಭಾಷೆಯಲ್ಲೇ ಇದೆ. ಅದರ ಸ್ಟ್ರಿಂಗ್ ಲಿಸ್ಟ್ ಎಂಬ ರಚನೆಯಲ್ಲಿ ಪಟ್ಟಿ, ಎಣಿಕೆ, ಸಾಮರ್ಥ್ಯಗಳ ಜೊತೆಗೆ ಒಂದು ಬಿಟ್ ಹೆಚ್ಚಿಗೆ ಇದೆ: ಸೇರಿಸುವಾಗ ನಕಲು ಮಾಡಿಕೊಳ್ಳಬೇಕೇ ಬೇಡವೇ ಎಂಬ ಸೂಚನೆ. ನಕಲು ಮಾಡುವ ಪಟ್ಟಿ ತನ್ನ ಸ್ಟ್ರಿಂಗ್‌ಗಳನ್ನು ತಾನೇ ಫ್ರೀ ಮಾಡುತ್ತದೆ. ಮಾಡದ ಪಟ್ಟಿ ಬೇರೆಯವರ ಸೊತ್ತನ್ನು ನೋಡುತ್ತದಷ್ಟೆ. ಪಟ್ಟಿಯನ್ನು ಸೃಷ್ಟಿಸುವ ಸಾಲಿನಲ್ಲೇ ಇದು ತೀರ್ಮಾನವಾಗುವುದರಿಂದ ಓದುವವರಿಗೆ ಊಹೆಯ ಕೆಲಸವಿಲ್ಲ.

ಪಟ್ಟಿ ಎಷ್ಟು ದೊಡ್ಡದಾಗುತ್ತದೆಂದು ಮೊದಲೇ ತಿಳಿಯದಿದ್ದಾಗ ರೀಅಲಕ್ ಬಳಸಿ ಅರೇಯನ್ನು ಬೆಳೆಸುತ್ತಾರೆ. ಒಂದೊಂದೇ ಸ್ಥಾನ ಹೆಚ್ಚಿಸುತ್ತ ಹತ್ತು ಲಕ್ಷ ನಮೂದು ಸೇರಿಸಿದರೆ, ಪ್ರತಿ ಸಲವೂ ಅರೇ ಬೇರೆಡೆಗೆ ಹೋಗಬೇಕಾಗಿ ಬಂದ ಪಕ್ಷದಲ್ಲಿ, ಸುಮಾರು 50 ಸಾವಿರ ಕೋಟಿ ಪಾಯಿಂಟರ್‌ಗಳ ನಕಲು ನಡೆಯುತ್ತದೆ. ತುಂಬಿದಾಗಲೆಲ್ಲ ಇಮ್ಮಡಿ ಮಾಡಿದರೆ ಒಟ್ಟು ನಕಲು ಹತ್ತೂವರೆ ಲಕ್ಷದ ಒಳಗೇ ಮುಗಿಯುತ್ತದೆ. ರೀಅಲಕ್ ಸೋತಾಗ ನಲ್ ಹಿಂದಿರುಗಿಸುತ್ತದೆ, ಹಳೆಯ ಮೆಮೊರಿಯನ್ನು ಹಾಗೇ ಉಳಿಸುತ್ತದೆ. ಫಲಿತಾಂಶವನ್ನು ನೇರವಾಗಿ ಹಳೆಯ ಪಾಯಿಂಟರಿಗೇ ಬರೆದವರು ಇಡೀ ಪಟ್ಟಿಯ ವಿಳಾಸ ಕಳೆದುಕೊಳ್ಳುತ್ತಾರೆ. ಫ್ರೀ ಮಾಡುವಾಗ ಕ್ರಮ ತಿರುಗುಮುರುಗು: ಮೊದಲು ಒಳಗಿನ ಸ್ಟ್ರಿಂಗ್‌ಗಳು, ಆಮೇಲೆ ಅರೇ.

ಲಕ್ಷಾಂತರ ಚಿಕ್ಕ ಪದಗಳಿದ್ದರೆ ಪ್ರತಿಯೊಂದಕ್ಕೂ ಮ್ಯಾಲಕ್ ಕರೆಯುವುದು ದುಂದು. 64 ಬಿಟ್ ಲಿನಕ್ಸ್‌ನ ಜಿಲಿಬ್‌ಸಿ ಎಷ್ಟು ಚಿಕ್ಕದನ್ನು ಕೇಳಿದರೂ ಒಳಗೆ ಕನಿಷ್ಠ 32 ಬೈಟ್ ತೆಗೆದಿಡುತ್ತದೆ. ಹತ್ತು ಬೈಟ್‌ನ ‘ಗದಗ’ಕ್ಕೂ ಅಷ್ಟೇ. ಹಾಗಾಗಿ ಅನುಭವಿಗಳು ದೊಡ್ಡದೊಂದು ತುಂಡು ಪಡೆದು ಸ್ಟ್ರಿಂಗ್‌ಗಳನ್ನು ಒಂದರ ಹಿಂದೊಂದು ಒತ್ತೊತ್ತಾಗಿ ತುಂಬುತ್ತಾರೆ. ಕೆಲಸ ಮುಗಿದ ಮೇಲೆ ಒಂದೇ ಫ್ರೀ. ಇಲ್ಲಿ ವಿಳಾಸದ ಬದಲು ಆರಂಭದಿಂದ ಎಷ್ಟನೆಯ ಬೈಟ್ ಎಂಬ ಅಂತರವನ್ನು ನೆನಪಿಡುವುದು ಜಾಣತನ. ತುಂಡು ಬೆಳೆದು ಬೇರೆಡೆಗೆ ಹೋದರೆ ವಿಳಾಸಗಳು ಸುಳ್ಳಾಗುತ್ತವೆ, ಅಂತರ ಬದಲಾಗುವುದಿಲ್ಲ. ಲಿನಕ್ಸ್ ಪ್ರೋಗ್ರಾಂಗಳ ಇಎಲ್‌ಎಫ್ ಫೈಲುಗಳಲ್ಲಿ ಫಂಕ್ಷನ್ ಹೆಸರುಗಳು ಇರುವುದು ಹೀಗೆಯೇ. ಒಂದು ಹೆಸರು ಇನ್ನೊಂದರ ಬಾಲವಾಗಿದ್ದರೆ ಎರಡಕ್ಕೂ ಅಲ್ಲಿ ಒಂದೇ ಜಾಗ ಸಾಕಾಗಬಹುದು: ‘ಪ್ರಿಂಟ್‌ಎಫ್’ಗೆ ‘ಎಫ್‌ಪ್ರಿಂಟ್‌ಎಫ್’ನ ಎರಡನೆಯ ಅಕ್ಷರದಿಂದ ಓದಿದರೆ ಆಯಿತು. ಸೊನ್ನೆಯಿಂದ ಕೊನೆಗೊಳಿಸುವ ಪದ್ಧತಿ ಲಾಭ ತಂದುಕೊಟ್ಟ ಅಪರೂಪದ ಕಡೆಗಳಲ್ಲಿ ಇದೊಂದು.

ಒಂದೇ ಪದ ಮತ್ತೆ ಮತ್ತೆ ಬರುವಲ್ಲಿ ಹ್ಯಾಶ್ ಟೇಬಲ್ ಇಟ್ಟು ಪ್ರತಿ ಪದದ ಒಂದೇ ಪ್ರತಿ ಉಳಿಸಿಕೊಳ್ಳುತ್ತಾರೆ. ಕರ್ನಿಹನ್ ಮತ್ತು ರಿಚಿಯವರ ಉದಾಹರಣೆಯಲ್ಲಿ ಇದ್ದದ್ದು 101 ಖಾನೆಗಳು. ಈವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಅಕ್ಷರವನ್ನು ಕೂಡಿಸುವುದೇ ಪದಕ್ಕೆ ಖಾನೆ ಹುಡುಕುವ ಲೆಕ್ಕದ ತಿರುಳು. ಹೀಗೆ ಒಂದಾಗಿಸಿದ ಪದಗಳನ್ನು ಹೋಲಿಸಲು ಅಕ್ಷರಗಳನ್ನು ನೋಡಬೇಕಿಲ್ಲ, ವಿಳಾಸ ಒಂದೇ ಇದ್ದರೆ ಪದವೂ ಒಂದೇ. ಸಿ ಭಾಷೆಯಲ್ಲಿ ಬರೆದ ಲುವಾ ಇಂಟರ್‌ಪ್ರಿಟರ್ 40 ಬೈಟ್‌ವರೆಗಿನ ಸ್ಟ್ರಿಂಗ್‌ಗಳಿಗೆ ಈ ಉಪಾಯ ಬಳಸುತ್ತದೆ. ಉದ್ದ ಎಣಿಸುವ ಹಳೆಯ ತಲೆನೋವನ್ನು ರೆಡಿಸ್ ಡೇಟಾಬೇಸ್ ಬೇರೆ ರೀತಿ ಬಗೆಹರಿಸಿದೆ. ಸಾಲ್ವತೋರೆ ಸಾನ್‌ಫಿಲಿಪ್ಪೊ ಬರೆದ ಅದರ ಎಸ್‌ಡಿಎಸ್ ಲೈಬ್ರರಿ ಉದ್ದವನ್ನು ಅಕ್ಷರಗಳಿಗಿಂತ ಮೊದಲಿನ ಜಾಗದಲ್ಲಿ ಬಚ್ಚಿಟ್ಟು, ಪಾಯಿಂಟರನ್ನು ಮಾತ್ರ ಮೊದಲ ಅಕ್ಷರಕ್ಕೇ ತೋರಿಸುತ್ತದೆ. ಪ್ರಿಂಟ್‌ಎಫ್‌ಗೆ ಅದು ಮಾಮೂಲಿ ಸ್ಟ್ರಿಂಗ್.

ವಿಂಗಡಣೆಗೆ ಕ್ಯೂಸಾರ್ಟ್ ಇದೆ. ಅದು ಹೋಲಿಕೆಯ ಫಂಕ್ಷನ್ನಿಗೆ ಕೊಡುವುದು ಸ್ಟ್ರಿಂಗನ್ನಲ್ಲ, ಸ್ಟ್ರಿಂಗಿನ ಪಾಯಿಂಟರ್ ಇರುವ ಜಾಗದ ವಿಳಾಸವನ್ನು. ಎರಡು ಸ್ಟ್ರಿಂಗ್‌ಗಳನ್ನು ಹೋಲಿಸುವ ಸ್ಟ್ರ್‌ಸಿಎಂಪಿಯನ್ನು ಕಾಸ್ಟ್ ಮಾಡಿ ನೇರವಾಗಿ ಕೊಟ್ಟರೆ ವಿಳಾಸಗಳ ಬೈಟ್‌ಗಳನ್ನೇ ಅಕ್ಷರಗಳೆಂದು ಬಗೆದು ವಿಂಗಡಿಸಿ, ಯಾವ ದೂರೂ ಇಲ್ಲದೆ ಅಡ್ಡಾದಿಡ್ಡಿ ಪಟ್ಟಿ ಕೊಡುತ್ತದೆ. ಸರಿಯಾಗಿ ಬರೆದರೂ ಕನ್ನಡದ ಮಟ್ಟಿಗೆ ತೊಡಕು ಮುಗಿಯುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಸೊನ್ನೆ ಬೈಟ್ ಬೇರಾವ ಅಕ್ಷರದ ಭಾಗವಾಗಿಯೂ ಬರುವುದಿಲ್ಲವಾದ್ದರಿಂದ ಹಳೆಯ ಫಂಕ್ಷನ್‌ಗಳು ಕನ್ನಡವನ್ನು ಸಾಗಿಸಬಲ್ಲವು, ಅರ್ಥ ಮಾಡಿಕೊಳ್ಳಲಾರವು. ‘ಕನ್ನಡ’ ಪದಕ್ಕೆ ಸ್ಟ್ರ್‌ಲೆನ್ ಹೇಳುವ ಉದ್ದ 15. ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಸದಾ 224, ಎರಡನೆಯದು 178 ಅಥವಾ 179.

ಯುನಿಕೋಡ್‌ನಲ್ಲಿ ‘ಳ’ದ ಸ್ಥಾನ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ. ಆದ್ದರಿಂದ ಸ್ಟ್ರ್‌ಸಿಎಂಪಿ ‘ಕಳೆ’ಯನ್ನು ‘ಕವಿ’ಗಿಂತ ಮುಂದೆ ಇಡುತ್ತದೆ, ನಿಘಂಟು ಹಿಂದೆ ಇಡುತ್ತದೆ. ಲೊಕೇಲ್ ನೋಡಿ ಹೋಲಿಸುವ ಸ್ಟ್ರ್‌ಕೋಲ್ ಇದಕ್ಕೆಂದೇ ಇದೆ. ಆದರೆ ಪ್ರೋಗ್ರಾಂ ಮೊದಲು ಸೆಟ್‌ಲೊಕೇಲ್ ಕರೆದು, ಯಂತ್ರದಲ್ಲಿ ಕನ್ನಡದ ಲೊಕೇಲ್ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

‘ಕೊಡಗು’ ಇನ್ನೂ ತಮಾಷೆಯ ಪ್ರಕರಣ. ಒ ಸ್ವರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಮತ್ತು ಊ ಸ್ವರಗಳ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ. ಮೊದಲ ರೀತಿಯಲ್ಲಿ ಪದಕ್ಕೆ 15 ಬೈಟ್, ಎರಡನೆಯದರಲ್ಲಿ 18. ಕಣ್ಣಿಗೆ ಒಂದೇ ಆದರೂ ಹ್ಯಾಶ್ ಟೇಬಲ್‌ಗೆ ಎರಡು ಪದ, ಜಿಲ್ಲೆಗಳ ಪಟ್ಟಿಯಲ್ಲಿ ಎರಡು ಕೊಡಗು. ಇವನ್ನು ಒಂದಾಗಿಸುವ ಫಂಕ್ಷನ್ ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಲ್ಲ. ಯುನಿಕೋಡ್ ಕೆಲಸಗಳಿಗೆಂದೇ ಇರುವ ಐಸಿಯು ಲೈಬ್ರರಿಯಲ್ಲಿದೆ; ಪದವನ್ನು ಸಂಗ್ರಹಕ್ಕೆ ಸೇರಿಸುವ ಮುನ್ನವೇ ಅದನ್ನು ಕರೆದು ರೂಪ ಸರಿಪಡಿಸಿಕೊಳ್ಳಬೇಕಾಗುತ್ತದೆ.