ಧರ್ಮಗುರುವೂ ವೈದ್ಯನೂ ಜೊತೆಗೂಡಿದಾಗ

1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಎನಿಸಿತು. ಈ ನಡುವೆ, 1964ರಲ್ಲಿ, ಅದೇ ನಗರದ ವೈದ್ಯರೂ ಕ್ರೈಸ್ತ ಧರ್ಮಗುರುಗಳೂ ಸೇರಿ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಕಟ್ಟಿದರು. ಆಸ್ಪತ್ರೆಯಿಂದ ಬಿಡುಗಡೆಯಾದವರು ಮನೆಗೆ ಮರಳುವ ಮುನ್ನ ತಂಗಿ ಚೇತರಿಸಿಕೊಳ್ಳುವ ಹಾಫ್‌ವೇ ಹೋಮನ್ನೂ ಅದು ನಡೆಸಿತು.

ಗಿಲ್‌ರಾಯ್‌ನ ನಮ್ಮ ಕುಟುಂಬಗಳಿಗೂ ಈ ಚರಿತ್ರೆ ಸಲ್ಲುತ್ತದೆ. ವೀಸಾ, ಉದ್ಯೋಗ, ಊರಲ್ಲಿರುವ ಹೆತ್ತವರ ಚಿಂತೆ ನಿದ್ದೆಗೆಡಿಸಿದಾಗಲೂ, ಮಾತ್ರೆ ನುಂಗಿದರೆ ವಿಶ್ವಾಸ ಕುಂದಿತೆಂದು ಭಾವಿಸಿ ನೋವನ್ನು ಮರೆಮಾಚುವವರುಂಟು. ಆತಂಕರೋಗ ಪಾಪವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಪ್ರಾರ್ಥನೆಯನ್ನು ಬಿಡಬೇಕಿಲ್ಲ, ವೈದ್ಯರನ್ನೂ ಕಾಣಿರಿ. ಸಂಕಟ ತಡೆಯಲಾಗದಾದರೆ ಅಮೆರಿಕದಲ್ಲಿ ಹಗಲಿರುಳೂ 988ಕ್ಕೆ ಕರೆಮಾಡಬಹುದು.