ಮನೆ ನಮ್ಮದು, ಒಪ್ಪಿಗೆ ಯಾರದು?

ಇತಿಹಾಸವೆಂದರೆ ಕೋಟೆ, ಶಾಸನ, ಕದನಗಳೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ನಿಮ್ಮ ಓಣಿಯಲ್ಲಿ ಹೊಸ ಮನೆಯೊಂದು ಏಳುತ್ತಿದ್ದರೆ, ಅದು ಹೀಗೆಯೇ ಇರಲಿ ಎಂದು ಒಪ್ಪಿಗೆ ಕೊಟ್ಟವರು ಯಾರೆಂದು ವಿಚಾರಿಸಿ ನೋಡಿ. ಆ ಒಪ್ಪಿಗೆಗೂ ಒಂದು ಇತಿಹಾಸ ಉಂಟು.

ಬೆಳಗಾವಿ ಜಿಲ್ಲೆಯ ಬೋರಗಾಂವವನ್ನೇ ತೆಗೆದುಕೊಳ್ಳಿ. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿದ ಈ ಊರು ದೂಧಗಂಗಾ ನದಿಯ ಬಯಲಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿದೆ. 1956ರ ವರೆಗೆ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದಲೇ ಊರಿನ ವಸತಿ ನೆಲಕ್ಕೆ 'ಗಾವಠಾಣ' ಎಂಬ ಮಾತು ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಗಾವಠಾಣದೊಳಗೆ ಮನೆ, ಹೊರಗೆ ಹೊಲ. ಹೊಲದಲ್ಲಿ ಮನೆ ಕಟ್ಟಬೇಕಾದರೆ ಕಂದಾಯ ಅಧಿಕಾರಿಯ ಅನುಮತಿ ಬೇಕೆಂದು 1879ರ ಮುಂಬಯಿ ಕಂದಾಯ ಕಾಯಿದೆಯೇ ವಿಧಿಸಿತ್ತು. ಕರ್ನಾಟಕದ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮು ಅದೇ ದಾರಿಯಲ್ಲಿ ನಡೆದಿದೆ.

ಆದರೆ ಗಾವಠಾಣದ ಒಳಗೆ? ಅಲ್ಲಿ ಬಹುಕಾಲ ಓಣಿಯವರ ಮಾತೇ ನಡೆಯುತ್ತಿತ್ತು. ಮನೆಯನ್ನು ಅಂಕಣದ ಲೆಕ್ಕದಲ್ಲಿ ಅಳೆಯುವ ಕಾಲ. ಗಡಿಯ ಕಡೆ ಅದನ್ನೇ 'ಖಣ' ಎನ್ನುತ್ತಾರೆ. ನಿಮ್ಮ ಸೂರಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ, ನಡುಗೋಡೆಯ ಮೇಲೆ ತೊಲೆ ಇಡುವ ಹಕ್ಕು ಯಾರದು, ಕಟ್ಟೆ ಮುಂದೆ ಬಂದರೆ ಚಕ್ಕಡಿ ತಿರುಗುತ್ತದೆಯೇ ಎಂಬ ಪ್ರಶ್ನೆಗಳನ್ನು ನೆರೆಯವರು ಅಡಿಪಾಯ ತೋಡುವ ಮೊದಲೇ ಎತ್ತುತ್ತಿದ್ದರು. ನಕಾಶೆ ಇಲ್ಲದ ಪರಿಶೀಲನೆ ಅದು. 1882ರ ಅನುಭೋಗದ ಹಕ್ಕುಗಳ ಕಾಯಿದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೆ ಅನ್ವಯವಾದ ಮೇಲೆ, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಿನಂತೆ ಅನುಭವಿಸಿದ ಗಾಳಿ ಬೆಳಕಿಗೆ ನ್ಯಾಯಾಲಯದ ಆಸರೆಯೂ ದೊರೆಯಿತು.

ಇದನ್ನು ಕೇಳಿ 'ಎಂಥ ಸೊಗಸಾದ ಗ್ರಾಮಜೀವನ!' ಎಂದು ನೀವು ಉದ್ಗರಿಸಬಹುದು. ಸ್ವಲ್ಪ ತಡೆಯಿರಿ. ಓಣಿಯವರು ಎಂದಾಗ ಯಾವ ಓಣಿಯವರು? ಅಸ್ಪೃಶ್ಯರೆನಿಸಿಕೊಂಡವರ ಕೇರಿ ಇದ್ದುದು ಊರಿನ ಹೊರಗೆ. ಹಳ್ಳಿಯ ಸಂಪ್ರದಾಯ ಅವರ ಮೇಲೆ ಹೇರಿದ್ದ ಕಟ್ಟಳೆಗಳನ್ನು ಡಾ. ಅಂಬೇಡ್ಕರರು ತಮ್ಮ ಬರಹವೊಂದರಲ್ಲಿ ಪಟ್ಟಿ ಮಾಡಿದ್ದಾರೆ. ಕೇರಿ ಪ್ರತ್ಯೇಕವಾಗಿರಬೇಕು, ಅಶುಭವೆಂದು ಎಣಿಸಲಾದ ದಕ್ಷಿಣ ದಿಕ್ಕಿಗಿರಬೇಕು. ಅವರು ಹಂಚು ಹೊದಿಸಿದ ಮನೆ ಕಟ್ಟುವುದು ಅಪರಾಧ! ಮನೆಯ ವಿನ್ಯಾಸವನ್ನು ಪರಿಶೀಲಿಸುವ ಅಧಿಕಾರ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಹಂಚು ಎಂದರೆ ಮಳೆಗೆ ಸೋರದ ಮಾಡು ಮಾತ್ರವಲ್ಲ, ಮಾನವೂ ಆಗಿತ್ತು.

ಅಂಬೇಡ್ಕರರಿಗೆ ಈ ಸೀಮೆ ಅಪರಿಚಿತವೇನೂ ಅಲ್ಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ ಅವರೇ ಅಧ್ಯಕ್ಷರು. ಮುಂದೆ 1932ರ ಅಕ್ಟೋಬರ್‌ನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಗ್ರಾಮ ಪಂಚಾಯತಿ ಮಸೂದೆ ಚರ್ಚೆಗೆ ಬಂದಾಗ ಅವರು ಅದನ್ನು ಬಲವಾಗಿ ವಿರೋಧಿಸಿದರು. ದಲಿತರಿಗೆ ಪ್ರತ್ಯೇಕ ಪ್ರಾತಿನಿಧ್ಯವಿಲ್ಲದೆ ಪಂಚಾಯತಿಗೆ ಅಧಿಕಾರ ಕೊಟ್ಟರೆ, ಅದು ಬಹುಸಂಖ್ಯಾತರ ಕೈಗೆ ಇನ್ನೊಂದು ಕೋಲು ಕೊಟ್ಟಂತೆ ಎಂಬುದು ಅವರ ವಾದದ ತಿರುಳು. ಮಸೂದೆ 1933ರಲ್ಲಿ ಕಾಯಿದೆಯಾಯಿತು. ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಮೈಸೂರು ರಾಜ್ಯದ 1959ರ ಕಾಯಿದೆ, ಮಂಡಲ ಪಂಚಾಯತಿಗಳನ್ನು ತಂದ 1983ರ ಕಾಯಿದೆ ಇವನ್ನು ನೀವು ಪಠ್ಯದಲ್ಲಿ ಓದಿರುತ್ತೀರಿ. ನಮ್ಮ ವಿಷಯಕ್ಕೆ ಮುಖ್ಯವಾದುದು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ. ಅದರ 64ನೆಯ ಕಲಮಿನ ಪ್ರಕಾರ ಗ್ರಾಮ ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ, ಇದ್ದುದನ್ನು ಬದಲಿಸುವಂತಿಲ್ಲ. ಅದೇ ಕಾಯಿದೆ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ ಸ್ಥಾನ ಮೀಸಲಿಟ್ಟಿತು. ಮಹಿಳೆಯರಿಗೆ ಮೂರನೆಯ ಒಂದು ಭಾಗ, 2010ರ ತಿದ್ದುಪಡಿಯ ನಂತರ ಅರ್ಧ. ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಓದಬೇಡಿ. ಮನೆಗೆ ಒಪ್ಪಿಗೆ ಕೊಡುವ ಮೇಜಿನ ಸುತ್ತ, ಒಂದು ಕಾಲಕ್ಕೆ ಹಂಚು ಹೊದಿಸಲೂ ಹಕ್ಕಿಲ್ಲದಿದ್ದವರ ಮೊಮ್ಮಕ್ಕಳು ಕುಳಿತರು. ಎಲ್ಲ ಊರುಗಳಲ್ಲೂ ಅವರ ದನಿಗೆ ಬೆಲೆ ಬಂದಿತೆಂದು ಹೇಳಲಾರೆ, ಕುರ್ಚಿಯಂತೂ ಬಂದಿತು.

ಬೋರಗಾಂವ ಈಗ ಗ್ರಾಮ ಪಂಚಾಯತಿಯಲ್ಲ, ಪಟ್ಟಣ ಪಂಚಾಯತಿ. ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ ಎಂಬಂಥ ಊರುಗಳನ್ನು ಕಾನೂನು 'ಪರಿವರ್ತನೆಯ ಪ್ರದೇಶ' ಎನ್ನುತ್ತದೆ. ಇಲ್ಲಿ ಮನೆ ಕಟ್ಟುವವರು ಪೌರಾಡಳಿತದ ನಿಯಮದಂತೆ ನಕಾಶೆ ಸಲ್ಲಿಸಬೇಕು. ಗೋಡೆಗೆ ಗೋಡೆ ತಾಗಿ ನಿಂತ ಹಳೆಯ ಓಣಿಯ ಮೂರು ಖಣದ ಜಾಗದಲ್ಲಿ, ಸುತ್ತ ಜಾಗ ಬಿಡುವ ಪಟ್ಟಣದ ಕ್ರಮ ಹೇಗೆ ಹೊಂದೀತು? ಹಿಂದಿನ ನೆರೆಯವರಾದರೆ ಸ್ಥಳಕ್ಕೆ ಬಂದು ನೋಡುತ್ತಿದ್ದರು, ಕಾಗದಕ್ಕೆ ಕಣ್ಣಿಲ್ಲ. ಆದರೆ ಕಾಗದ ಜಾತಿ ಕೇಳುವುದಿಲ್ಲ ಎಂಬುದೂ ನಿಜ. ಎರಡರಲ್ಲಿ ಆರಿಸಬೇಕೆಂದರೆ ನಾನು ಕಾಗದವನ್ನೇ ಆರಿಸುತ್ತೇನೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಎಷ್ಟೋ ಮಣ್ಣಿನ ಗೋಡೆಗಳು ಕುಸಿದವು. ಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ನೆರವು ಘೋಷಿಸಿತು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಆ ಹಣ ಕಂತು ಕಂತಾಗಿ ಬಂತು: ಅಡಿಪಾಯ, ಗೋಡೆ, ಚಾವಣಿ ಎಂದು ಕೆಲಸದ ಹಂತಹಂತದ ಛಾಯಾಚಿತ್ರ ತೆಗೆದು ಕಳಿಸಬೇಕು. ಹೊಸ ಮನೆಯನ್ನು ಪರಿಶೀಲಿಸುವವರ ಸಾಲಿಗೆ ಮೊಬೈಲ್ ಕ್ಯಾಮರಾ ಕೂಡ ಸೇರಿತು. ಓಣಿಯ ಹಿರಿಯರು ಆಗಲೂ ಬಂದು ನಿಂತರು, ಈ ಸಲ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಬಂದಿತ್ತೆಂದು ಕೈಯೆತ್ತಿ ತೋರಿಸಲಿಕ್ಕೆ.